ತೆಳುವೂ ಗಟ್ಟಿಯೂ: ಪರ್ಸಿನ ಚರ್ಮದ ಹಿಂದಿನ ಚರಿತ್ರೆ

ಜೇಬಿನಲ್ಲಿಡುವ ಪರ್ಸು ತೆಳ್ಳಗಿರಬೇಕು. ಆದರೆ ಒದ್ದೆ ಬಟ್ಟೆಯ ಹಾಗೆ ಜೋತು ಬೀಳಬಾರದು. ನೋಟು ತೆಗೆದ ಮೇಲೆ ತನ್ನ ಆಕಾರಕ್ಕೆ ತಾನೇ ಮರಳಬೇಕು, ಕಾರ್ಡು ಹಾಕುವ ಸೀಳುಗಳು ಒಂದೇ ವರ್ಷದಲ್ಲಿ ಬಾಯಿಬಿಡಬಾರದು. ಕೇಳುವವರಿಗೆ ಇದು ಸಣ್ಣ ಬೇಡಿಕೆ. ಮಾಡುವವರಿಗೆ ಹಳೆಯ ಪೇಚು. ಚರ್ಮವನ್ನು ತೆಳು ಮಾಡುತ್ತ ಹೋದಂತೆ ಅದರ ಬಿಗಿ ಇಳಿಯುತ್ತದೆ. ಬಿಗಿ ಉಳಿಸಿಕೊಳ್ಳಲು ಹೋದರೆ ದಪ್ಪವಾಗುತ್ತದೆ. ಈ ಎರಡನ್ನೂ ಒಂದೇ ತುಂಡಿನಲ್ಲಿ ಕೂಡಿಸುವುದು ಹೇಗೆಂದು ಮನುಷ್ಯರು ಬಹಳ ಕಾಲದಿಂದ ತಲೆ ಕೆಡಿಸಿಕೊಂಡಿದ್ದಾರೆ. ಆ ಹುಡುಕಾಟದಲ್ಲಿ ತೊಗಲುಗೊಂಬೆಯವರಿದ್ದಾರೆ, ಪುಸ್ತಕಕ್ಕೆ ರಟ್ಟು ಕಟ್ಟುವವರಿದ್ದಾರೆ, ಲಂಡನ್ನಿನ ಹರಾಜು ಕಟ್ಟೆಯಿದೆ, ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವೂ ಇದೆ.

ಮೊದಲು ದುಡ್ಡಿನ ಚೀಲದ ಮಾತು. ನಾಣ್ಯವೇ ಹಣವಾಗಿದ್ದ ಕಾಲದಲ್ಲಿ ಚೀಲ ಮೆತ್ತಗಿರಬೇಕಿತ್ತು. ಸೊಂಟಕ್ಕೆ ಕಟ್ಟಿಕೊಳ್ಳುವ ಹಮ್ಮಿಣಿಯಾಗಲಿ, ಬಾಯಿಗೆ ದಾರ ಬಿಗಿದ ಸಂಚಿಯಾಗಲಿ, ನಾಣ್ಯ ಹೇಗೆ ಗುಡ್ಡೆ ಬಿದ್ದರೆ ಹಾಗೆ ಬಗ್ಗುತ್ತಿದ್ದವು. ಅಲ್ಲಿ ಬಿಗಿಯಾದ ಚರ್ಮಕ್ಕೆ ಕೆಲಸವೇ ಇರಲಿಲ್ಲ. ಕಾಗದದ ಹಣ ಬಂದ ಮೇಲೆ ಚೀಲದ ಧರ್ಮವೇ ಬದಲಾಯಿತು. ಭಾರತದಲ್ಲಿ 1861ರ ಕಾಗದ ಹಣದ ಕಾಯ್ದೆಯಿಂದ ನೋಟು ಅಚ್ಚು ಹಾಕುವ ಅಧಿಕಾರ ಸರ್ಕಾರಕ್ಕೆ ಮಾತ್ರ ಉಳಿಯಿತು. ಮೊದಮೊದಲು ನೋಟುಗಳೆಲ್ಲ ದೊಡ್ಡ ಮೊತ್ತದವು. ಸಾಮಾನ್ಯರ ಕೈ ತಲುಪುವಂಥವಲ್ಲ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವ ಉಂಟಾಗಿ 1917ರಲ್ಲಿ ಒಂದು ರೂಪಾಯಿಯ ನೋಟು ಬಂತು. ನಾಣ್ಯಕ್ಕೆ ಬೇಕಾದದ್ದು ಚೀಲ. ನೋಟಿಗೆ ಬೇಕಾದದ್ದು ಪುಸ್ತಕದ ರಟ್ಟಿನಂಥ ಮಡಿಕೆ: ಚಪ್ಪಟೆಯಾಗಿರಬೇಕು, ಮೂಲೆ ಮುದುರದ ಹಾಗೆ ಕಾಯಬೇಕು. ಆಮೇಲೆ ಪ್ಲಾಸ್ಟಿಕ್ ಕಾರ್ಡು ಬಂತು. ಅದರ ಅಳತೆ ಈಗ ಲೋಕಕ್ಕೆಲ್ಲ ಒಂದೇ: ಉದ್ದ 85.60 ಮಿಲಿಮೀಟರ್, ಅಗಲ 53.98, ದಪ್ಪ 0.76.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ನಡುವೆ ಮಡಿಸುವ ಸಾಧಾರಣ ಪರ್ಸಿನ ಒಂದು ಮಗ್ಗುಲಲ್ಲಿ ಹೊರಗಿನ ಚರ್ಮ ಒಂದು, ನೋಟಿನ ಅರೆಯ ಗೋಡೆ ಒಂದು, ಕಾರ್ಡಿನ ಜೇಬುಗಳು ಮೂರು. ಒಟ್ಟು ಐದು ಪದರ. ಮಡಿಸಿದರೆ ಹತ್ತು. ಒಂದೊಂದು ಪದರ 1.2 ಮಿಲಿಮೀಟರ್ ಇದ್ದರೆ ಖಾಲಿ ಪರ್ಸೇ 12 ಮಿಲಿಮೀಟರ್ ದಪ್ಪ. 0.6 ಇದ್ದರೆ ಅದರ ಅರ್ಧ. ಆರು ಕಾರ್ಡು ಸೇರಿಸಿದರೂ ಹೆಚ್ಚುವುದು ನಾಲ್ಕೂವರೆ ಮಿಲಿಮೀಟರಿನಷ್ಟೇ. ಅಂದರೆ ಪರ್ಸನ್ನು ಉಬ್ಬಿಸುವುದು ನಮ್ಮ ಸಂಪತ್ತಲ್ಲ, ಚರ್ಮವೇ. ಆದ್ದರಿಂದ ತಯಾರಕರ ಕಣ್ಣೆಲ್ಲ ಆ ಅರ್ಧ ಮಿಲಿಮೀಟರಿನ ಮೇಲೆ. ಪ್ರಶ್ನೆ ಇರುವುದು ಆ ಅರ್ಧ ಮಿಲಿಮೀಟರನ್ನು ಹೇಗೆ ಇಳಿಸುತ್ತಾರೆ ಎಂಬುದರಲ್ಲಿ.

ಇದಕ್ಕೆ ಎರಡು ದಾರಿಗಳಿವೆ. ಹುಟ್ಟಿನಿಂದಲೇ ತೆಳ್ಳಗಿರುವ ಚರ್ಮವನ್ನು ಆರಿಸಿಕೊಳ್ಳುವುದು ಒಂದು. ದಪ್ಪ ಚರ್ಮವನ್ನು ಸೀಳಿ ತೆಳು ಮಾಡುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ಒಳಗಿನ ಕಥೆ ಬೇರೆ.

ಚರ್ಮವನ್ನು ಅಡ್ಡ ಕೊಯ್ದು ನೋಡಿದರೆ ಎರಡು ಪದರ ಕಾಣುತ್ತವೆ. ಮೇಲಿನದು ಕೂದಲು ಹುಟ್ಟುವ ಪದರ. ಅದರ ಎಳೆಗಳು ಬಹಳ ನಯ, ಬಹಳ ಸಣ್ಣ. ಚರ್ಮದ ಅಂದವೆಲ್ಲ ಅಲ್ಲಿದೆ. ಕೆಳಗಿನದರಲ್ಲಿ ದಪ್ಪ ಎಳೆಗಳ ಕಟ್ಟುಗಳು ಕಂಬಳಿಯ ನೂಲಿನಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಚರ್ಮದ ತಾಕತ್ತೆಲ್ಲ ಇಲ್ಲಿದೆ. ನಾಲ್ಕೈದು ಮಿಲಿಮೀಟರ್ ದಪ್ಪದ ಎತ್ತಿನ ಚರ್ಮವನ್ನು ಸೀಳಿ ಮೇಲಿನ 0.8 ಮಿಲಿಮೀಟರನ್ನಷ್ಟೇ ಇಟ್ಟುಕೊಂಡರೆ ಬಹುಪಾಲು ಅಂದವೇ ಉಳಿಯುತ್ತದೆ, ಆ ಹೆಣಿಗೆ ಬೇರೆ ಕಡೆ ಹೋಗಿಬಿಡುತ್ತದೆ. ಆಡಿನ ಚರ್ಮ ಹಾಗಲ್ಲ. ಅದು ಸಹಜವಾಗಿಯೇ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಆ ತೆಳುವಿನೊಳಗೇ ಎರಡೂ ಪದರಗಳು ಪೂರ್ತಿಯಾಗಿ, ಒತ್ತಾಗಿ ಇರುತ್ತವೆ. ಎಳೆಗರುವಿನ ಚರ್ಮವೂ ಹಾಗೆಯೇ. ಆಸ್ಟ್ರೇಲಿಯಾದ ಕಾಂಗರೂ ಚರ್ಮ ತೆಳ್ಳಗಿದ್ದೂ ಅಷ್ಟು ಗಟ್ಟಿ ಎನಿಸಿಕೊಳ್ಳಲು ಅದರ ಎಳೆಗಳು ಮೇಲ್ಮೈಗೆ ಬಹುಮಟ್ಟಿಗೆ ಸಮಾನಾಂತರವಾಗಿ ಮಲಗಿರುವುದೇ ಕಾರಣ. ಕುರಿಯದು ಮಾತ್ರ ಮೋಸದ ಚರ್ಮ. ಉಣ್ಣೆ ಕುರಿಯಲ್ಲಿ ಎರಡು ಪದರಗಳ ನಡುವೆ ಕೊಬ್ಬು ತುಂಬಿರುತ್ತದೆ. ಹದ ಮಾಡಿದ ಮೇಲೆ ಆ ಜಾಗ ಟೊಳ್ಳಾಗಿ, ಮೇಲ್ಪದರ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಇಂಗ್ಲೆಂಡಿನವರು ಕುರಿ ಚರ್ಮದ ಈ ಮೇಲ್ಪದರವನ್ನು ಬೇರೆ ಮಾಡಿ 'ಸ್ಕೈವರ್' ಎಂಬ ಹೆಸರಿನಲ್ಲಿ ಮಾರುತ್ತಿದ್ದರು. ಅಗ್ಗದ ಪುಸ್ತಕದ ರಟ್ಟಿಗೂ ಟೋಪಿಯ ಒಳಪಟ್ಟಿಗೂ ಅದು ಹೋಗುತ್ತಿತ್ತು. ನೋಡಲು ಚೆಂದ, ಎಳೆದರೆ ಕಾಗದ.

ಇಷ್ಟಾದರೆ ತೆಳುವಿನ ಕಥೆ ಆಯಿತು. ಬಿಗಿ ಎಲ್ಲಿಂದ ಬರುತ್ತದೆ? ಇದಕ್ಕೆ ಮೊದಲ ಉತ್ತರ ನಮ್ಮ ತೊಗಲುಗೊಂಬೆಯಲ್ಲೇ ಇದೆ. ಗೊಂಬೆಯಾಟದ ಕಿಳ್ಳೇಕ್ಯಾತರು ಆಡಿನ ತೊಗಲಿನ ಕೂದಲು ತೆಗೆದು, ಹೆರೆದು, ಬಿಗಿಯಾಗಿ ಎಳೆದು ಒಣಗಿಸುತ್ತಾರೆ. ಅದನ್ನು ಹದ ಮಾಡುವುದಿಲ್ಲ. ಹಾಗೆ ಒಣಗಿದ ತೊಗಲು ತೆಳ್ಳಗೆ, ಗಟಗಟಿಯಾಗಿ, ದೀಪದ ಬೆಳಕು ಹಾಯುವಷ್ಟು ಪಾರದರ್ಶಕವಾಗಿರುತ್ತದೆ. ರಾಮನೂ ರಾವಣನೂ ಪರದೆಯ ಮೇಲೆ ನೆಟ್ಟಗೆ ನಿಲ್ಲುವುದು ಈ ಬಿಗಿಯಿಂದ. ಯುರೋಪಿನವರು ಬರೆಯಲು ಬಳಸುತ್ತಿದ್ದ ಪಾರ್ಚ್‌ಮೆಂಟಿನ ಗುಟ್ಟೂ ಇದೇ. ತೆಳುವೂ ಗಟ್ಟಿಯೂ ಆದ ಚರ್ಮ ಬೇಕೆಂದರೆ ಇದಕ್ಕಿಂತ ಬೇರೆ ಬೇಕಿಲ್ಲ ಅನ್ನಿಸಬಹುದು. ಆದರೆ ಅದನ್ನು ದಿನಕ್ಕೆ ಹತ್ತು ಸಲ ಮಡಿಸಿ ಬಿಚ್ಚಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಬೆವರು ತಾಗಿದರೆ ಮೆತ್ತಗಾಗಿ ಸುರುಟಿಕೊಳ್ಳುತ್ತದೆ. ನಿಲ್ಲುವುದಕ್ಕೆ ಸರಿಹೋಗುವ ಬಿಗಿ ಬಾಗುವುದಕ್ಕೆ ಸರಿಹೋಗಲಿಲ್ಲ.

ಬಾಗಿಯೂ ಬಿಗಿಯಾಗಿ ಉಳಿಯುವ ಉಪಾಯವನ್ನು ಮನುಷ್ಯನಿಗೆ ಕಲಿಸಿದ್ದು ಒಗರು. ಎಳೆ ಹಲಸಿನಕಾಯಿ ತಿಂದಾಗ, ಹಸಿ ಅಡಿಕೆ ಜಗಿದಾಗ ನಾಲಿಗೆ ಬಿಗಿದುಕೊಳ್ಳುತ್ತದಲ್ಲ, ಅದು ಬಾಯಿಯ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಟ್ಯಾನಿನ್ ಎಂಬ ವಸ್ತು ಅಂಟಿಕೊಳ್ಳುವುದರಿಂದ ಆಗುವ ಅನುಭವ. ಮರದ ತೊಗಟೆ ನೆನೆಸಿದ ನೀರಿನಲ್ಲಿ ಚರ್ಮವನ್ನು ವಾರಗಟ್ಟಲೆ ಇಟ್ಟರೆ ಅದೇ ಕೆಲಸ ಚರ್ಮದ ಎಳೆಗಳ ನಡುವೆ ನಡೆಯುತ್ತದೆ. ಟ್ಯಾನಿನ್ ಎಳೆಗಳಿಗೆ ಅಂಟಿ, ಅವುಗಳ ನಡುವಿನ ಸಂದುಗಳನ್ನು ತುಂಬಿ, ಚರ್ಮ ಕೊಳೆಯದಂತೆ ಮಾಡುತ್ತದೆ. ಜೊತೆಗೆ ಅದಕ್ಕೊಂದು ಮೈಕಟ್ಟು ಕೊಡುತ್ತದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸುವವರಿಗೆ ಹಂಡೆಯ ತಳದ ಕೆಂಪು ಚೊಗರು ಗೊತ್ತು; ಅದೂ ಟ್ಯಾನಿನ್ನೇ. ತಾಂಬೂಲದ ಕಾಚಿನದೂ ಅದೇ ಗುಣ. 1803ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಒಗರಿನ ಸಸ್ಯಗಳ ಬಗ್ಗೆ ರಾಯಲ್ ಸೊಸೈಟಿಗೆ ಬರೆದ ಪ್ರಬಂಧದಲ್ಲಿ ಮುಂಬಯಿ ಮತ್ತು ಬಂಗಾಳದಿಂದ ಬಂದ ಕಾಚನ್ನು ಪರೀಕ್ಷಿಸಿ, ತಮ್ಮ ಓಕ್ ತೊಗಟೆಗಿಂತ ಅದರಲ್ಲಿ ಎಷ್ಟೋ ಪಾಲು ಹೆಚ್ಚು ಟ್ಯಾನಿನ್ ಇದೆಯೆಂದು ತೋರಿಸಿದರು. ನಮ್ಮ ಅಜ್ಜಿಯಂದಿರ ಎಲೆಯಡಿಕೆ ತಟ್ಟೆಯಲ್ಲಿದ್ದದ್ದು ಹೀಗೆ ಲಂಡನ್ನಿನ ಪ್ರಯೋಗಾಲಯವನ್ನೂ ಸೇರಿತ್ತು.

ದಕ್ಷಿಣ ಭಾರತದಲ್ಲಿ ಈ ಕೆಲಸಕ್ಕೆ ಹೆಸರಾದದ್ದು ತಂಗಡಿ. ಆವರಿಕೆ ಎಂದೂ ಕರೆಯುವ ಈ ಕುರುಚಲು ಗಿಡ ಒಣ ನೆಲದಲ್ಲಿ ತಾನಾಗಿ ಬೆಳೆಯುತ್ತದೆ. ಇದರ ತೊಗಟೆಯಲ್ಲಿ ಹದ ಮಾಡಿದ ಆಡು ಕುರಿ ಚರ್ಮಕ್ಕೆ ಕೊನೆಯಲ್ಲಿ ಅಳಲೆಕಾಯಿಯ ನೀರು ಕೊಟ್ಟರೆ ತಿಳಿ ಬಣ್ಣ ನಿಲ್ಲುತ್ತದೆ. ಆಮೇಲೆ ಎಣ್ಣೆ ಹಚ್ಚಿ ಒಣಗಿಸಬೇಕು. 19ನೇ ಶತಮಾನದ ನಡುವೆ ಮದ್ರಾಸ್ ಪ್ರಾಂತ್ಯದಲ್ಲಿ ಈ ಕ್ರಮ ಸುಧಾರಿಸಿ ದೊಡ್ಡ ರಫ್ತು ವ್ಯಾಪಾರವಾಗಿ ಬೆಳೆಯಿತು. ಅದರ ಆರಂಭದ ಜೊತೆಗೆ ಪಾಂಡಿಚೇರಿಯ ಚಾರ್ಲ್ಸ್ ಡಿ ಸೂಸಾ ಎಂಬಾತನ ಹೆಸರು ಕೇಳಿಬರುತ್ತದೆ. ವಾಣಿಯಂಬಾಡಿ, ಆಂಬೂರು, ದಿಂಡಿಗಲ್, ಈರೋಡುಗಳಲ್ಲಿ ಹದಗೊಳಿಸಿದ ಚರ್ಮಗಳು ಹಡಗು ಹತ್ತಿ ಲಂಡನ್ನಿನ ಹರಾಜಿಗೆ ಹೋಗುತ್ತಿದ್ದವು. ಅಲ್ಲಿ ಇವಕ್ಕೆ 'ಈಸ್ಟ್ ಇಂಡಿಯಾ' ಚರ್ಮವೆಂದು ಹೆಸರು. ಇವುಗಳಲ್ಲಿ ಆಡು ಕುರಿಗಳ ಚರ್ಮಕ್ಕೆ ಮಾರುಕಟ್ಟೆಯಲ್ಲಿ 'ಪರ್ಷಿಯನ್' ಎಂಬ ಇನ್ನೊಂದು ಹೆಸರೂ ಇತ್ತು. ಪರ್ಷಿಯಾಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಅದು ತಂಗಡಿ ತೊಗಟೆಯ ಮದ್ರಾಸಿ ಚರ್ಮವೇ. ತೆಳುವು, ಬಿಗಿ, ನಯ, ಅಗ್ಗ ಎಲ್ಲವೂ ಇದ್ದ ಈ ಚರ್ಮ ಎಲ್ಲ ಕೆಲಸಕ್ಕೂ ಸಲ್ಲುತ್ತದೆ ಎಂದು ಕೊಂಡವರು ನಂಬಿದರು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಗ್ರಂಥಾಲಯಗಳಲ್ಲಿ. 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಗ್ರಂಥಪಾಲಕರು ಒಂದು ವಿಚಿತ್ರ ಗಮನಿಸಿದರು. ಮುನ್ನೂರು ವರ್ಷ ಹಳೆಯ ಪುಸ್ತಕಗಳ ಚರ್ಮ ಗಟ್ಟಿಯಾಗಿತ್ತು, ಮೂವತ್ತು ವರ್ಷ ಹಿಂದಿನದು ಕೆಂಪು ಪುಡಿಯಾಗಿ ಕೈಗೆ ಮೆತ್ತುತ್ತಿತ್ತು. 1900ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಇದರ ತನಿಖೆಗೆ ಸಮಿತಿಯೊಂದನ್ನು ನೇಮಿಸಿತು. ಲಾರ್ಡ್ ಕಾಬಮ್ ಅದರ ಅಧ್ಯಕ್ಷರು. ರಟ್ಟು ಕಟ್ಟುವುದರಲ್ಲಿ ಹೆಸರಾಗಿದ್ದ ಡಗ್ಲಸ್ ಕಾಕರೆಲ್ ಸದಸ್ಯರಲ್ಲೊಬ್ಬರು. ಮರುವರ್ಷ ಬಂದ ವರದಿ ಹಲವು ತಪ್ಪಿತಸ್ಥರನ್ನು ಹೆಸರಿಸಿತು. ಒಂದು, ಕೆಲವು ತೊಗಟೆಗಳ ಟ್ಯಾನಿನ್. ಎರಡು, ಬಣ್ಣ ಹಾಕುವಾಗ ಬಳಸುತ್ತಿದ್ದ ಗಂಧಕಾಮ್ಲ. ಮೂರು, ಅನಿಲ ದೀಪದ ಹೊಗೆ ಮತ್ತು ಬಿಸಿಲು. ನಾಲ್ಕು, ದಪ್ಪ ಚರ್ಮವನ್ನು ಹೆರೆದು ಹೆರೆದು ತೆಳು ಮಾಡುವ ಪದ್ಧತಿ. ಚಿಕ್ಕ ಪ್ರಾಣಿಯ ಸಹಜ ತೆಳು ಚರ್ಮ ಬಳಸುವುದನ್ನು ಬಿಟ್ಟು ದೊಡ್ಡ ಪ್ರಾಣಿಯ ಚರ್ಮವನ್ನು ಕೊರೆಯುವುದು ಅದರ ಬಲವನ್ನೇ ಕಸದ ಬುಟ್ಟಿಗೆ ಹಾಕಿದಂತೆ ಎಂದು ಕಾಕರೆಲ್ ಎಚ್ಚರಿಸಿದರು.

ಮೊದಲ ತಪ್ಪಿತಸ್ಥರ ಪಟ್ಟಿಯಲ್ಲಿ ನಮ್ಮ ತಂಗಡಿಯೂ ಇತ್ತು. ಪುಸ್ತಕದ ರಟ್ಟಿಗೆ ಪರ್ಷಿಯನ್ ಚರ್ಮ ಬಹಳ ಕೆಟ್ಟದ್ದು, ಹನ್ನೆರಡು ತಿಂಗಳೊಳಗೇ ಅದು ಹಾಳಾಗತೊಡಗಿದ ಉದಾಹರಣೆಗಳಿವೆ ಎಂದಿತು ವರದಿ. ಸಿಸಿಲಿಯ ಸುಮಾಕ್ ಎಲೆಯಲ್ಲಿ ಹದ ಮಾಡಿದ ಚರ್ಮವನ್ನು ಅದು ಮೆಚ್ಚಿತು. ಕಾರಣ ರಸಾಯನದಲ್ಲಿದೆ. ತಂಗಡಿ, ಜಾಲಿ, ಕಾಚುಗಳ ಟ್ಯಾನಿನ್ ಒಂದು ಬಗೆ. ಸುಮಾಕ್, ಅಳಲೆಕಾಯಿಯದು ಇನ್ನೊಂದು ಬಗೆ. ಕಲ್ಲಿದ್ದಲು ಮತ್ತು ಅನಿಲ ಉರಿಯುವ ನಗರದ ಗಾಳಿಯಲ್ಲಿ ಗಂಧಕದ ಹೊಗೆ ಇರುತ್ತದೆ. ಮೊದಲ ಬಗೆಯ ಚರ್ಮ ಅದನ್ನು ಹೆಚ್ಚು ಹೀರಿಕೊಂಡು ಒಳಗೇ ಆಮ್ಲವಾಗಿಸಿಕೊಳ್ಳುತ್ತದೆ. ಆ ಆಮ್ಲ ಎಳೆಗಳನ್ನು ಕತ್ತರಿಸುತ್ತದೆ.

ಈ ವರದಿಯಲ್ಲಿ ಇನ್ನೂ ಒಂದು ಮಾತಿತ್ತು, ಅದನ್ನು ಮರೆಯುವುದು ಸುಲಭ. ಪರ್ಷಿಯನ್ ಚರ್ಮ ಬೇರೆ ಎಷ್ಟೋ ಕೆಲಸಕ್ಕೆ ಯೋಗ್ಯವಾದದ್ದೆಂದೂ ಅದು ಒಪ್ಪಿತ್ತು. ತಪ್ಪು ಚರ್ಮದ್ದಲ್ಲ, ಆಯ್ಕೆಯದು. ಕಪಾಟಿನಲ್ಲಿ ನೂರು ವರ್ಷ ಅಲುಗಾಡದೆ ನಿಲ್ಲಬೇಕಾದ ಪುಸ್ತಕಕ್ಕೂ, ಮನುಷ್ಯನ ಮೈಶಾಖದಲ್ಲಿ ಹತ್ತು ಹದಿನೈದು ವರ್ಷ ಮಡಚಿ ಬಿಚ್ಚಿ ಬಾಳಬೇಕಾದ ಪರ್ಸಿಗೂ ಬೇಕಾದ ಗುಣ ಒಂದೇ ಅಲ್ಲ. ಅಂಗಡಿಯಲ್ಲಿ ಬೆರಳಿಗೆ ಸಿಗುವ ತೆಳುವು, ಬಿಗಿ ಆ ದಿನದ ಸಾಕ್ಷಿ ಮಾತ್ರ. ಚರ್ಮವನ್ನು ಯಾವುದರಲ್ಲಿ ಹದ ಮಾಡಿದ್ದಾರೆ, ಎಷ್ಟು ಕೊರೆದಿದ್ದಾರೆ ಎಂಬುದು ಬೆರಳಿಗೆ ತಿಳಿಯುವುದಿಲ್ಲ, ಕಾಲಕ್ಕೆ ತಿಳಿಯುತ್ತದೆ.

ಇಷ್ಟರಲ್ಲಿ ಅಮೆರಿಕದಿಂದ ಮೂರನೆಯ ಉತ್ತರ ಬಂದಿತ್ತು. ಹೆಂಗಸರ ಬಿಗಿ ಒಳವಸ್ತ್ರವಾದ ಕಾರ್ಸೆಟ್ಟಿನ ಉಕ್ಕಿನ ಪಟ್ಟಿಗಳಿಗೆ ಹೊದಿಸುತ್ತಿದ್ದ ಸ್ಫಟಿಕದ ಚರ್ಮದಿಂದ ಉಕ್ಕು ತುಕ್ಕು ಹಿಡಿಯುತ್ತಿತ್ತು. ಇದಕ್ಕೆ ಪರಿಹಾರ ಹುಡುಕುತ್ತ ನ್ಯೂಯಾರ್ಕಿನ ಅಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ 1884ರಲ್ಲಿ ಪೇಟೆಂಟ್ ಪಡೆದ. 1893ರಲ್ಲಿ ಮಾರ್ಟಿನ್ ಡೆನಿಸ್ ಅದನ್ನು ಒಂದೇ ತೊಟ್ಟಿಯ ಕೆಲಸವಾಗಿ ಸರಳಗೊಳಿಸಿದ. ಫಿಲಡೆಲ್ಫಿಯಾದ ರಾಬರ್ಟ್ ಫೋರ್ಡರರ್ ಕ್ರೋಮ್ ಹದದ ಆಡಿನ ಚರ್ಮವನ್ನು ಬೂಟಿಗಾಗಿ ಮಾರಿ ಶ್ರೀಮಂತನಾದ. ಭಾರತದ ಹಸಿ ಆಡಿನ ಚರ್ಮಕ್ಕೆ ಅಮೆರಿಕ ದೊಡ್ಡ ಗಿರಾಕಿಯಾಯಿತು. ವಾರಗಳ ಕೆಲಸ ಈಗ ಒಂದೆರಡು ದಿನಕ್ಕೆ ಇಳಿಯಿತು. ಕ್ರೋಮ್ ಚರ್ಮ ಕುದಿಯುವ ನೀರನ್ನೂ ತಾಳುತ್ತದೆ. ತೊಗಟೆಯ ಚರ್ಮ ಅದಕ್ಕಿಂತ ಮೊದಲೇ ಮುದುಡಿಹೋಗುತ್ತದೆ.

ಈ ವಿದ್ಯೆಯನ್ನು ದಕ್ಷಿಣಕ್ಕೆ ತಂದವರಲ್ಲಿ ಮುಖ್ಯರು ಆಲ್ಫ್ರೆಡ್ ಚಾಟರ್ಟನ್. ಮದ್ರಾಸಿನಲ್ಲಿ 1903ರ ಸುಮಾರಿಗೆ ಅವರು ಕ್ರೋಮ್ ಹದ ಆರಂಭಿಸಿದ್ದು ಪರ್ಸಿಗಾಗಿ ಅಲ್ಲ, ಬೂಟಿಗಾಗಿಯೂ ಅಲ್ಲ. ಕಪಿಲೆ ಬಾವಿಯಿಂದ ನೀರೆತ್ತುವ ಚರ್ಮದ ಬಾನಿಗಾಗಿ. ನೀರಿನಲ್ಲಿ ಮುಳುಗಿ ಏಳುವ ಬಾನಿಗೆ ಕ್ರೋಮ್ ಚರ್ಮ ತೊಗಟೆಯದಕ್ಕಿಂತ ಹೆಚ್ಚು ಬಾಳಿಕೆ ಬಂದೀತೆಂಬ ಯೋಚನೆ. ಸರ್ಕಾರವೇ ಉದ್ಯಮ ನಡೆಸುವುದನ್ನು ಲಂಡನ್ನಿನ ಮೇಲಧಿಕಾರಿಗಳು ಒಪ್ಪಲಿಲ್ಲ, ಮದ್ರಾಸಿನ ಪ್ರಯತ್ನ ಕುಂಠಿತವಾಯಿತು. ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಇಲ್ಲಿನ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯನ್ನು ಕಟ್ಟುವುದರಲ್ಲಿ ತೊಡಗಿದರು.

ಪರ್ಸಿನ ದೃಷ್ಟಿಯಿಂದ ಕ್ರೋಮಿಗೆ ಒಂದು ಕೊರತೆಯಿದೆ. ಒಳಗೆ ನಿಲ್ಲುವ ಕ್ರೋಮ್ ತೂಕದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಮಾತ್ರ. ತೊಗಟೆಯ ಟ್ಯಾನಿನ್ ಹಾಗೆ ಅದು ಸಂದು ತುಂಬುವುದಿಲ್ಲ. ಹೀಗಾಗಿ ಚರ್ಮ ಮೆತ್ತಗೆ, ಎಳೆದರೆ ಹಿಗ್ಗುವ ಹಾಗೆ ಉಳಿಯುತ್ತದೆ. ತೆಳ್ಳಗಿದ್ದರಂತೂ ಜೇಬು ಬೇಗ ಸಡಿಲ. ವ್ಯಾಪಾರಿಗಳು ಇದಕ್ಕೆ ಕಂಡುಕೊಂಡ ದಾರಿ ಕೂಡಾವಳಿ ಹದ. ಮದ್ರಾಸಿನಿಂದ ಬಂದ ತಂಗಡಿ ಚರ್ಮದ ಟ್ಯಾನಿನ್ನನ್ನು ಸ್ವಲ್ಪ ತೊಳೆದು ತೆಗೆದು, ಮೇಲೆ ಕ್ರೋಮ್ ಹದ ಕೊಡುವ 'ಸೆಮಿ ಕ್ರೋಮ್' ಒಂದು. ಕ್ರೋಮ್ ಚರ್ಮಕ್ಕೆ ಆಮೇಲೆ ತೊಗಟೆಯ ಸಾರ ಕುಡಿಸುವುದು ಇನ್ನೊಂದು. ಒಂದರ ಬಾಳಿಕೆ, ಮತ್ತೊಂದರ ಮೈಕಟ್ಟು.

ಈ ಜಾಣ್ಮೆಯ ಬೆಲೆ ತೆತ್ತವರು ಯಾರು ಎಂಬುದನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ. ಸುಣ್ಣದ ಗುಂಡಿಯಲ್ಲಿ ನಿಂತು, ಕೂದಲು ಕೆರೆದು, ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ ಎಂದು ಮುಟ್ಟಿ ಹೇಳಬಲ್ಲವರು ಹೊಲಗೇರಿ ಮಾದಿಗರ ಕೇರಿಗಳ ಜನ, ಸಮಗಾರರು, ಢೋರರು. ಊರು ಅವರ ಚಪ್ಪಲಿ ಮೆಟ್ಟಿತು, ಅವರ ಬಾನಿಯಲ್ಲಿ ನೀರೆತ್ತಿತು, ಅವರ ತಮಟೆಗೆ ಕುಣಿಯಿತು. ಅವರನ್ನು ಮಾತ್ರ ಮುಟ್ಟಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚರ್ಮ ಹದ ಮಾಡುವ ಕಾಯಕದ ಡೋಹರ ಕಕ್ಕಯ್ಯನೂ ಸಮಗಾರ ಹರಳಯ್ಯನೂ ಶರಣರ ಸಾಲಿನಲ್ಲಿ ಕುಳಿತರು ಎಂಬುದು ಕನ್ನಡದ ದೊಡ್ಡ ನೆನಪು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಐತಿಹ್ಯವನ್ನು ನಾವು ಭಕ್ತಿಯ ಕಥೆಯಾಗಿ ಕೇಳುತ್ತೇವೆ. ಅದರೊಳಗೆ ಚರ್ಮವನ್ನು ಬಲ್ಲವರ ಕೈಯೊಂದಿದೆ ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ.

ಸ್ವಾತಂತ್ರ್ಯದ ನಂತರ 1948ರಲ್ಲಿ ಮದ್ರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಆರಂಭವಾಯಿತು. ಅದನ್ನು ಬೆಳೆಸಿದ ವೈ. ನಾಯುಡಮ್ಮ ಹದದ ವಿದ್ಯೆಗೆ ಪ್ರಯೋಗಾಲಯದ ಗೌರವ ತಂದುಕೊಟ್ಟರು. ಆದರೆ ಕಾರ್ಖಾನೆಗಳ ಕೊಳೆ ನೀರು ಬೇರೆ ಕಥೆ ಬರೆಯಿತು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರದ ನೆಲ ದಾಟಿ ತಮಿಳುನಾಡಿಗೆ ಇಳಿಯುವ ಪಾಲಾರ್ ನದಿಯ ದಂಡೆಯಲ್ಲೇ ವಾಣಿಯಂಬಾಡಿ, ಆಂಬೂರುಗಳಿವೆ. ಅಲ್ಲಿನ ಚರ್ಮದ ಕಾರ್ಖಾನೆಗಳು ನದಿಯನ್ನೂ ಬಾವಿಗಳನ್ನೂ ಕೆಡಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 1996ರಲ್ಲಿ ತೀರ್ಪು ಬಂತು. ಮಾಲಿನ್ಯ ಮಾಡಿದವನೇ ಅದರ ನಷ್ಟ ಭರಿಸಬೇಕೆಂಬ ತತ್ವ ನಮ್ಮ ಕಾನೂನಿನಲ್ಲಿ ಬೇರೂರಿದ್ದು ಇಂಥ ತೀರ್ಪುಗಳಿಂದ.

ಈಗ ಪರ್ಸಿಗೆ ಚರ್ಮ ಆರಿಸಬೇಕಾದವರಿಗೆ ಈ ಚರಿತ್ರೆ ಏನು ಹೇಳೀತು? ಹೊರಮೈಗೆ ಒಂದು ಮಿಲಿಮೀಟರಿನ ಆಸುಪಾಸಿನ, ತೊಗಟೆಯಲ್ಲಿ ಅಥವಾ ಕೂಡಾವಳಿಯಲ್ಲಿ ಹದ ಮಾಡಿದ ಆಡಿನದೋ ಕರುವಿನದೋ ಚರ್ಮ ಹಿಡಿಯಿರಿ. ಒಳಜೇಬಿಗೆ ಅದನ್ನೇ ಇನ್ನಷ್ಟು ತೆಳು ಮಾಡಿದರೆ ಸಾಕು. ಹೊಲಿಗೆ ಬೀಳುವ ಅಂಚನ್ನು ಮಾತ್ರ ಹೆರೆಯಿರಿ, ಮಡಿಕೆಯ ಜಾಗವನ್ನು ಹೆಚ್ಚು ಕೊರೆಯಬೇಡಿ. ಬೆನ್ನಿನ ಭಾಗದ ತುಂಡು ಕೇಳಿ. ಬೆನ್ನೆಲುಬಿನ ದಿಕ್ಕಿನಲ್ಲಿ ಚರ್ಮ ಕಡಿಮೆ ಹಿಗ್ಗುತ್ತದೆ. ಕಾರ್ಡಿನ ಜೇಬಿನ ಬಾಯಿ ಆ ದಿಕ್ಕಿಗೆ ಬರಲಿ. ಮೇಲ್ಮೈಯನ್ನು ಒಳಗೆ ಮಾಡಿ ಬಾಗಿಸಿದಾಗ ಸಣ್ಣ ನಿರಿಗೆ ಬಿದ್ದರೆ ಒಳ್ಳೆಯದು. ಬೊಕ್ಕೆಯಂತೆ ದಪ್ಪ ಮಡಿಕೆ ಎದ್ದರೆ ಪದರಗಳು ಸಡಿಲವಾಗಿವೆ ಎಂದರ್ಥ. ಕೊಯ್ದ ಅಂಚನ್ನು ನೋಡಿ: ಎಳೆಗಳು ಒತ್ತಾಗಿ ಕಾಣುತ್ತವೆಯೋ, ಮೇಲೊಂದು ಪ್ಲಾಸ್ಟಿಕ್ಕಿನ ಹೊದಿಕೆ ಕೆಳಗೊಂದು ಬುರುಬುರು ಪದರ ಕಾಣುತ್ತದೆಯೋ?

ಇದೆಲ್ಲ ಪುಸ್ತಕದಲ್ಲಿ ಓದಿದರೆ ಅರ್ಧ ಬರುತ್ತದೆ. ಉಳಿದರ್ಧ ಚರ್ಮದ ಅಂಗಡಿಗಳಲ್ಲಿ, ದಿನವಿಡೀ ಹಾಳೆ ತಿರುವಿದಂತೆ ತೊಗಲು ತಿರುವುವವರ ಬೆರಳುಗಳಲ್ಲಿದೆ. ಅವರು ತುಂಡೊಂದನ್ನು ಬಾಗಿಸಿ, ಬಿಟ್ಟು, "ಇದು ಬೇಡ" ಎಂದು ಪಕ್ಕಕ್ಕಿಟ್ಟರೆ ಯಾಕೆ ಎಂದು ಕೇಳಿ. ಅವರು ಕೊಡುವ ಕಾರಣವನ್ನು ಬರೆದಿಟ್ಟುಕೊಂಡವರು ನಮ್ಮಲ್ಲಿ ಬಹಳ ಕಡಿಮೆ.